ಹದಿನಾಲ್ಕಕ್ಕೆ ಇಟ್ಟ ಮಕ್ಕಳು

ಫ್ಯಾಕ್ಟರಿಯವರ ತನಿಖಾ ವರದಿಯ ಆರನೇ ಪುಟದಲ್ಲಿ ಹೀಗೆ ಬರೆದಿದ್ದಾರೆ: ‘ಹದಿನಾಲ್ಕು ಎಂಬ ಅಂಕಿಯನ್ನು ನೀಡಿದವರು ಶಿಶುಪಾಲಕಿ ವಿಶಾಲಾಕ್ಷಿಯವರೇ.’ ಸುಳ್ಳಲ್ಲ. ಕೊಟ್ಟವಳು ನಾನೇ. ಆದರೆ ಯಾರು ಕೇಳಿದರು, ಏನಂತ ಕೇಳಿದರು, ಯಾರಿಗಾಗಿ ಕೇಳಿದರು ಎಂಬುದನ್ನು ಆ ಮಹಾನುಭಾವರು ಎಪ್ಪತ್ತು ಪುಟಗಳಲ್ಲಿ ಎಲ್ಲೂ ಬರೆದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ, ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಮದ್ದೂರಿನಿಂದಾಚೆ ಹೆದ್ದಾರಿ ಬದಿಯಲ್ಲಿರುವ ಗಾರ್ಮೆಂಟ್ಸ್ ಫ್ಯಾಕ್ಟರಿಯ ಮಕ್ಕಳ ಮನೆಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದವಳು. ಅಮ್ಮಂದಿರು ಲೈನಿನಲ್ಲಿ ಕೂತು ಅಂಗಿ ಹೊಲಿಯುತ್ತಾರೆ, ಅವರ ಮಕ್ಕಳು ನಮ್ಮ ಬಳಿ ಇರುತ್ತವೆ. ನನಗೆ ಆಟಿಸಂ ಇದೆ. ಇಪ್ಪತ್ತಾರನೇ ವಯಸ್ಸಿನಲ್ಲಿ ಮೈಸೂರಿನ ಡಾಕ್ಟರೊಬ್ಬರು ಹೇಳುವವರೆಗೂ ನಮ್ಮ ಬೀದಿಯವರು ಅದಕ್ಕೆ ‘ಕೊಬ್ಬು’ ಎಂದು ಹೆಸರಿಟ್ಟಿದ್ದರು. ಸ್ಟೀಲ್ ತಟ್ಟೆ ಕೆಳಗೆ ಬಿದ್ದರೆ ಆ ಸದ್ದು ನನ್ನ ಹಲ್ಲಿಗೆ ತಾಗುತ್ತದೆ. ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಉಳಿದವರಿಗೆ ಕೇಳಿಸುವುದೇ ಇಲ್ಲವಂತೆ, ನನಗೆ ದಿನವಿಡೀ ಕೇಳುತ್ತದೆ. ಯಾರಾದರೂ ಬೆರಳ ತುದಿಯಲ್ಲಿ ಭುಜ ಮುಟ್ಟಿದರೆ ಚರ್ಮ ಉರಿಯುತ್ತದೆ.

ಇಂಥವಳು ಮಕ್ಕಳ ಜೊತೆ ಹೇಗಮ್ಮಾ ಕೆಲಸ ಮಾಡುತ್ತೀ ಎಂದು ಎಲ್ಲರೂ ಕೇಳುವವರೇ. ಮಕ್ಕಳ ಜೊತೆ ಸುಲಭ, ಸ್ವಾಮಿ. ದೊಡ್ಡವರ ಜೊತೆಗೇ ಕಷ್ಟ. ‘ಅಕ್ಕನಿಗೆ ಬೆರಳಿನಿಂದ ಚುಚ್ಚಬೇಡ, ಇಡೀ ಅಂಗೈ ಇಡು’ ಎಂದರೆ ಮೂರು ವರ್ಷದ ಕೂಸು ಮರುದಿನದಿಂದಲೇ ಅಂಗೈ ಇಡುತ್ತದೆ. ಸ್ಟೀಲ್ ತಟ್ಟೆಗಳನ್ನು ತೆಗೆಸಿ ಮುತ್ತುಗದ ಎಲೆ ತಂದೆ. ಟ್ಯೂಬ್‌ಲೈಟ್ ಆರಿಸಿ ಕಿಟಕಿಗಳನ್ನು ತೆರೆದೆ. ಸದ್ದು ತುಂಬಿಹೋದಾಗ ಹೆಗಲಿಗೆ ಕೆಂಪು ಟವೆಲ್ ಹಾಕಿಕೊಂಡು ಬೀರುವಿನ ಪಕ್ಕ ಐದು ನಿಮಿಷ ಕೂರುತ್ತಿದ್ದೆ. ಜೊತೆಗಿದ್ದ ಇಬ್ಬರು ಆಯಾಗಳು ನೋಡಿಕೊಳ್ಳುತ್ತಿದ್ದರು, ಮಕ್ಕಳು ಪಿಸುಪಿಸು ಮಾತಾಡುತ್ತಿದ್ದವು. ನಾಲ್ಕನೇ ಲೈನಿನ ಮಾದೇವಿಯ ಮಗಳು ಭುವಿ, ನಾಲ್ಕು ವರ್ಷದವಳು, ಒಂದು ದಿನ ತಾನೇ ಹೆಗಲಿಗೆ ಕರ್ಚೀಫು ಹಾಕಿಕೊಂಡು ಬಂದು ನನ್ನ ಪಕ್ಕ ಕೂತಳು. ‘ನಂಗೂ ತುಂಬೋಯ್ತು ವಿಶಾಲಕ್ಕ’ ಎಂದಳು. ನಾವಿಬ್ಬರೂ ಐದು ನಿಮಿಷ ಸುಮ್ಮನೆ ಕೂತಿದ್ದೆವು.

ಬಗೆಹರಿಯದೇ ಉಳಿದದ್ದು ಒಂದೇ, ಸೈರನ್. ಶಿಫ್ಟಿಗೆ, ಟೀಗೆ, ಊಟಕ್ಕೆ ಕೂಗುವ ಸೈರನ್ನನ್ನು ಯಾವ ಪುಣ್ಯಾತ್ಮನೋ ಮಕ್ಕಳ ಮನೆಯ ಗೋಡೆಗೇ ಬಡಿದಿದ್ದ. ಅದು ಕೂಗಿದಾಗಲೆಲ್ಲ ಮಲಗಿದ್ದ ಕೂಸುಗಳು ಬೆಚ್ಚಿ ಅಳುತ್ತಿದ್ದವು. ಅದನ್ನು ನಲವತ್ತು ಅಡಿ ಆಚೆಗೆ ಸರಿಸಿ, ಕಬ್ಬಿಣದ ಬಾಗಿಲಿಗೆ ರಬ್ಬರ್ ಹಾಕಿಸಿ, ಕಟಿಂಗ್ ಸೆಕ್ಷನ್ನಿನಲ್ಲಿ ಬೀಳುವ ಚಿಂದಿಬಟ್ಟೆ ಕೊಟ್ಟರೆ ಗೋಡೆಗೆ ನಾನೇ ಹೊದಿಸುತ್ತೇನೆ ಎಂದು ನಾಲ್ಕು ಸಲ ಅರ್ಜಿ ಬರೆದೆ. ಯಾರೂ ಕ್ಯಾರೇ ಅನ್ನಲಿಲ್ಲ. ಐದನೇ ಅರ್ಜಿಗೆ ಉತ್ತರವಾಗಿ ಕಿವಿಪಟ್ಟಿ ಬಂತು.

ಮೇಲಿನ ಮಹಡಿಯ ಗಾಜಿನ ಕೋಣೆಗೆ ನನ್ನನ್ನು ಕರೆದರು. ಗೋಡೆಯ ತುಂಬ ಪರದೆಗಳು. ಅಲ್ಲಿದ್ದ ಇಂಜಿನಿಯರ್ ಪ್ರಮೋದ ಪಡಿವಾಳ್ ಬೆಂಗಳೂರಿನ ಯಾವುದೋ ಹೊಸ ಕಂಪನಿಯಿಂದ ಬಂದವನು, ಒಳ್ಳೆಯ ಹುಡುಗ, ಬೆರಳು ತಾಗಿಸುವ ಮೊದಲು ಕೇಳಿದ. ತೆಳ್ಳನೆಯ ಬೂದು ಪಟ್ಟಿಯನ್ನು ನನ್ನ ಕಿವಿಯ ಹಿಂದೆ ಕೂರಿಸುತ್ತ ವಿವರಿಸಿದ. ಮೆದುಳಿನ ನಡುವೆ ಒಬ್ಬ ಬಾಗಿಲು ಕಾಯುವವನಿದ್ದಾನಂತೆ. ಹೊರಗಿನಿಂದ ಬರುವ ಸದ್ದು, ಬೆಳಕು, ಸ್ಪರ್ಶಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಅವನೇ ನೋಡುತ್ತಾನೆ. ನನ್ನವನು ಎಲ್ಲರನ್ನೂ ಒಳಗೆ ಬಿಡುತ್ತಾನೆ. ಪಟ್ಟಿಯು ಕಿವಿಯ ಹಿಂದಿನ ನರಕ್ಕೆ ಇರುವೆ ಹರಿದಷ್ಟು ಸಣ್ಣ ವಿದ್ಯುತ್ತು ಕೊಟ್ಟು ಅವನಿಂದ ಬಾಗಿಲು ಮುಚ್ಚಿಸುತ್ತದೆ. ಸೊನ್ನೆಗೆ ಇಟ್ಟರೆ ಬಾಗಿಲು ಪೂರ್ತಿ ತೆರೆದಿರುತ್ತದೆ, ಇಪ್ಪತ್ತಕ್ಕೆ ಇಟ್ಟರೆ ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ.

“ಮೇಡಂ, ಒಂದೊಂದೇ ಏರಿಸ್ತೀನಿ. ಎಷ್ಟಕ್ಕೆ ಆರಾಮ ಅನ್ಸುತ್ತೆ ಹೇಳಿ” ಎಂದ.

ಆರು, ಎಂಟು, ಹತ್ತು. ಎಸಿಯ ಸದ್ದು ಸಣ್ಣದಾಯಿತು. ಹನ್ನೆರಡಕ್ಕೆ ಯೂನಿಫಾರ್ಮ್ ಮೇಲಂಗಿಯ ಹಿಂದಿನ ಲೇಬಲ್ಲು ಚುಚ್ಚುವುದು ನಿಂತಿತು. ಅಷ್ಟರಲ್ಲಿ ಕೆಳಗೆ ಸೈರನ್ ಕೂಗಿತು. ಹದಿನಾಲ್ಕಕ್ಕೆ ಅದು ಪಕ್ಕದೂರಿನ ಸೈರನ್ ಆಗಿಬಿಟ್ಟಿತು.

“ಹದಿನಾಲ್ಕು” ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬದುಕಿನಲ್ಲಿ ಮೊದಲ ಸಲ ನನ್ನ ಮೈ ನನಗೆ ಭಾರವಾಗಿರಲಿಲ್ಲ. ಇದನ್ನು ಮುಚ್ಚಿಟ್ಟರೆ ನಾನು ಸುಳ್ಳಿಯಾಗುತ್ತೇನೆ.

ಅವನು ಬರೆದುಕೊಂಡ. ಯಾಕೆ ಬರೆದುಕೊಳ್ಳುತ್ತಿದ್ದಾನೆ ಎಂದು ನಾನು ಕೇಳಲಿಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುವುದು ನನ್ನ ಜಾಯಮಾನ.

ಅವತ್ತು ಸಂಜೆ ಮನೆಯಲ್ಲಿ ನನ್ನ ಅವ್ವ ಸಣ್ಣತಾಯಮ್ಮ ಮಿಕ್ಸಿ ಹಾಕಿದಳು. ನಾನು ಎದ್ದು ಹೊರಗೆ ಹೋಗಲಿಲ್ಲ. ಅವಳು ಮಿಕ್ಸಿ ನಿಲ್ಲಿಸಿ ನನ್ನನ್ನೇ ನೋಡಿದಳು.

“ಏನೇ ಇದು, ಹಂಗೇ ಕುಂತವ್ಳೆ! ನಿಂಗೇನಾಯ್ತೆ?”

ವಿಷಯ ಹೇಳಿದೆ. ಅವಳು ಮೆಲ್ಲಗೆ ಬಂದು ನನ್ನ ತಲೆ ಸವರಿದಳು. ನಾನು ಹೆಗಲು ಕೊಡವಲಿಲ್ಲ. ಮೂವತ್ತೇಳು ವರ್ಷಕ್ಕೆ ಅವಳು ನನ್ನ ತಲೆ ಸವರಿದ್ದು ಅದೇ ಮೊದಲಿರಬೇಕು, ಪಾಪ, ಬಹಳ ಹೊತ್ತು ಸವರಿದಳು. ಆಮೇಲೆ ಮುದ್ದೆ, ಉಪ್ಸಾರು ಬಡಿಸಿದಳು. ಉಣ್ಣುತ್ತಿದ್ದಾಗ ಥಟ್ಟನೆ ನನ್ನ ಕೈ ಹಿಡಿದಳು.

“ಅಯ್ಯೋ, ಹೊಗೆ ಆಡ್ತಾದೆ ಕಣೇ ಮುದ್ದೆ! ಹಂಗೇ ನುಂಗ್ತಿದ್ದೀಯಲ್ಲ, ಬಾಯ್ ತೆಗಿ... ನಾಲ್ಗೆ ಬೊಬ್ಬೆ ಬಂದದೆ. ಗೊತ್ತಾಗ್ನಿಲ್ವಾ?”

ಗೊತ್ತಾಗಿರಲಿಲ್ಲ. ಮನೆಯಲ್ಲಿರುವಾಗ ಪಟ್ಟಿ ಆರಿಸುವುದು ಎಂದು ಅವತ್ತೇ ನಿರ್ಧರಿಸಿದೆ. ನನ್ನ ಪಟ್ಟಿಗೆ ಒಂದು ಗುಂಡಿ ಇತ್ತು, ಒತ್ತಿದರೆ ಆರುತ್ತಿತ್ತು. ನಾಲಿಗೆಯ ವಿಷಯವನ್ನು ಮರುದಿನ ಪ್ರಮೋದನಿಗೆ ಹೇಳಿದೆ, ಅದನ್ನೂ ಬರೆದುಕೊಂಡ.

ತಿಂಗಳು ಕಳೆಯುವುದರೊಳಗೆ ಮೂವತ್ತೆಂಟು ಮಕ್ಕಳಿಗೂ ಪಟ್ಟಿ ಬಂತು. ‘ಆರೋಗ್ಯ ತಪಾಸಣೆ’ ಎಂಬ ಕಾಗದಕ್ಕೆ ಅಮ್ಮಂದಿರಿಂದ ಸಹಿ ಹಾಕಿಸಿಕೊಂಡಿದ್ದರು. ಮಕ್ಕಳ ಪಟ್ಟಿಗೆ ಗುಂಡಿ ಇರಲಿಲ್ಲ. ಕಿವಿಯ ಹಿಂದೆ ಕೂತರೆ ಒಂದು ಪುಟ್ಟ ಕೀಲಿಯಿಂದಲೇ ಬಿಚ್ಚಬೇಕು. ಮನೆಯಲ್ಲೂ ತೆಗೆಯಬಾರದು, ಎಳೆದರೆ ನರಕ್ಕೆ ಪೆಟ್ಟು ಎಂದು ಹೆದರಿಸಿದ್ದರು. ಮಕ್ಕಳ ಅಂಕಿಯನ್ನು ಏರಿಸುವುದು ಇಳಿಸುವುದು ಗಾಜಿನ ಕೋಣೆಯಿಂದ. ಅಲ್ಲಿಯ ಪರದೆಯಲ್ಲಿ ಒಂದೊಂದು ಮಗುವೂ ಒಂದೊಂದು ಹಸಿರು ಚುಕ್ಕಿ.

ಮಕ್ಕಳು ಅಳುವುದು ನಿಂತಿತು. ಅಮ್ಮಂದಿರಿಗೆ ಖುಷಿ. “ಏನ್ ಮಾಯ ಮಾಡ್ದೆ ವಿಶಾಲಕ್ಕ, ಮನೇಲೂ ಹಠ ಇಲ್ಲ, ರಚ್ಚೆ ಇಲ್ಲ” ಎಂದು ಮಾದೇವಿ ನನಗೆ ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟಳು. ನನಗೂ ಹಿತವಾಗಿತ್ತು. ಎರಡು ವಾರ ನಾನೂ ಆ ಮೌನವನ್ನು ಹಾಲು ಕುಡಿದಷ್ಟು ಸುಖವಾಗಿ ಅನುಭವಿಸಿದೆ. ಬೈಯುವವರು ನನ್ನನ್ನೂ ಬೈಯಬಹುದು.

ಆಮೇಲೆ ನೋಡಿ ಇವರ ಬುದ್ಧಿ. ಮಕ್ಕಳು ಅಳುವುದಿಲ್ಲವಲ್ಲ, ಮೂವರು ಯಾಕೆ ಎಂದು ಇಬ್ಬರು ಆಯಾಗಳನ್ನು ಪ್ಯಾಕಿಂಗಿಗೆ ಕಳಿಸಿದರು. ಇನ್ನೊಂದು ಯೂನಿಟ್ಟಿನ ಮಕ್ಕಳನ್ನೂ ತಂದು ತುಂಬಿದರು, ಅರವತ್ತಾಯಿತು. ಒಂದು ಗೋಡೆಯಾಚೆ ಹೊಲಿಗೆ ಲೈನು ಇದ್ದೇ ಇತ್ತು, ಇನ್ನೊಂದು ಗೋಡೆಯಾಚೆ ಕಸೂತಿ ಯಂತ್ರಗಳನ್ನು ಕೂರಿಸಿದರು, ದಿನವಿಡೀ ದಡದಡ. ಸೈರನ್ ಇದ್ದಲ್ಲೇ ಇತ್ತು. ನನಗೆ ಸದ್ದು ತಡೆಯಲಾಗದು ಎಂದು ಬಂದ ಯಂತ್ರ, ಎಷ್ಟು ಬೇಕಾದರೂ ಸದ್ದು ಮಾಡಲು ಇವರಿಗೆ ಪರವಾನಗಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ.

ಮಕ್ಕಳು ಬದಲಾಗಿದ್ದರು. ಒದ್ದೆ ಚಡ್ಡಿಯಲ್ಲೇ ಗಂಟೆಗಟ್ಟಲೆ ಕೂರುತ್ತಿದ್ದರು. ಹಸಿವಾಯಿತು ಎಂದು ಯಾರೂ ಹೇಳುತ್ತಿರಲಿಲ್ಲ, ಬಡಿಸಿದರೆ ತಿನ್ನುತ್ತಿದ್ದರು. ಬಿದ್ದ ಮಗು ಎದ್ದು ಮೊಣಕಾಲು ನೋಡಿಕೊಳ್ಳುತ್ತಲೂ ಇರಲಿಲ್ಲ. ನಾನು ಮೇಲಕ್ಕೆ ಹೋಗಿ ಹೇಳಿದೆ, ಬರೆದು ಕೊಟ್ಟೆ. ಮ್ಯಾನೇಜರ್ ದಿವಾಕರ್ ಪರದೆ ತೋರಿಸಿದರು.

“ಎಲ್ಲಾ ಹಸಿರು ಇದೆಯಲ್ಲಮ್ಮ. ನಿಮಗೇನು ಕಾಣ್ತಾ ಇದೆ?”

ಐದನೇ ತಿಂಗಳಿನ ಒಂದು ಸೋಮವಾರ ಅರವತ್ತು ಮಕ್ಕಳಿಗೆ ನಾನೊಬ್ಬಳೇ ಗಂಜಿ ಬಡಿಸುತ್ತಿದ್ದೆ. ಬಾಗಿಲ ಬಳಿ ಭುವಿ ನಿಂತಿದ್ದಳು, ಎಡಗೈ ಬಾಗಿಲ ಸಂದಿಯಲ್ಲಿತ್ತು. ಬಲಗೈಯಲ್ಲಿ ಒಂದು ದಾರದ ಉಂಡೆ ಹಿಡಿದು ಅದನ್ನು ಉರುಳಿಸುತ್ತ ಹಾಡಿಕೊಳ್ಳುತ್ತಿದ್ದಳು. ಬಾರೇ ಕೂಸೇ, ಗಂಜಿ ಆರುತ್ತೆ ಎಂದು ಕರೆದೆ. “ಬರಕಾಯ್ತಿಲ್ಲ ಅಕ್ಕ” ಎಂದಳು. ಹತ್ತಿರ ಹೋದೆ. ಕಬ್ಬಿಣದ ಬಾಗಿಲ ಕೀಲಿನ ಸಂದಿಯಲ್ಲಿ ಅವಳ ಉಂಗುರ ಬೆರಳು ಸಿಕ್ಕಿಕೊಂಡಿತ್ತು. ಕೆಳಗೆ ನೆಲದ ಮೇಲೆ ರಕ್ತ ಹರಿದು ಹೆಪ್ಪುಗಟ್ಟುತ್ತಿತ್ತು. ಮಗು ನನ್ನ ಮುಖ ನೋಡಿ ನಕ್ಕಿತು.

ಆಸ್ಪತ್ರೆಯಲ್ಲಿ ಬೆರಳಿನ ತುದಿ ತೆಗೆದರು, ಉಗುರಿನ ಸಮೇತ. ಆಮೇಲೆ ಕ್ಯಾಮೆರಾದಲ್ಲಿ ನೋಡಿದರೆ ಅವಳು ಹಾಗೆ ನಿಂತದ್ದು ಹನ್ನೊಂದು ನಿಮಿಷ. ಹನ್ನೊಂದು ನಿಮಿಷವೂ ಅವಳ ಚುಕ್ಕಿ ಹಸಿರಾಗಿಯೇ ಇತ್ತು. ನನ್ನ ಕಿವಿಯಲ್ಲೂ ಪಟ್ಟಿ ಇತ್ತಲ್ಲ, ಅದಿಲ್ಲದಿದ್ದರೆ ಆ ಬಾಗಿಲು ಬಡಿದ ಸದ್ದಿಗೆ ನಾನು ಎಲ್ಲಿದ್ದರೂ ಎಗರಿ ಬೀಳುತ್ತಿದ್ದೆ. ನನಗೂ ಕೇಳಿಸಲಿಲ್ಲ.

ಮಂಗಳವಾರ ಗಾಜಿನ ಕೋಣೆಗೆ ಕರೆದರು. ದಿವಾಕರ್ ಒಂದು ಕಾಗದ ಮುಂದಿಟ್ಟರು. ‘ಪಾಲಕಿಯ ಅಜಾಗರೂಕತೆಯಿಂದ’ ಎಂದು ಅದರಲ್ಲಿತ್ತು.

“ಸಹಿ ಹಾಕಿ. ನೀವು ನೋಡ್ಕೋಬೇಕಿತ್ತು.”

“ಅರವತ್ತು ಮಕ್ಕಳಿಗೆ ಒಬ್ಬಳು. ಅಳದೇ ಇರೋ ಮಗುಗೆ ನೋವಾಗ್ತಿದೆ ಅಂತ ಹೇಗೆ ನೋಡ್ಕೊಳ್ಳೋದು ಸರ್? ಇವಕ್ಕೆಲ್ಲ ಎಷ್ಟಕ್ಕೆ ಇಟ್ಟಿದೀರಿ?”

ದಿವಾಕರ್ ಪ್ರಮೋದನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ.

“ಹದಿನಾಲ್ಕು ಮೇಡಂ.”

“ಯಾಕೆ ಹದಿನಾಲ್ಕು?”

“ನೀವೇ ಹೇಳಿದ್ರಲ್ಲ. ಇಡೀ ಫ್ಯಾಕ್ಟರೀಲಿ ಜಾಸ್ತಿ ತೊಂದ್ರೆ ಆಗೋದು ನಿಮಗೆ. ನಿಮಗೇ ಆರಾಮಾದ್ರೆ ಎಲ್ರಿಗೂ ಆರಾಮ ಅಂತ... ಮೇಲಿನೋರು ಒಪ್ಪಿದ್ರು.”

ನನಗೆ ಮೈಯೆಲ್ಲ ಉರಿದುಹೋಯಿತು. “ನಾನು ಹೇಳಿದ್ದು ನನ್ನ ಕಿವಿಗೆ! ನನ್ನ ಕನ್ನಡಕ ತಗೊಂಡೋಗಿ ಅರವತ್ತು ಮಕ್ಕಳ ಕಣ್ಣಿಗೆ ಹಾಕ್ತೀರೇನ್ರೀ? ನಾಲಿಗೆ ಸುಟ್ಕೊಂಡೆ ಅಂತ ಹೇಳಿದ್ನಲ್ಲ, ಅದೆಲ್ಲಿ ಹೋಯ್ತು? ಗೋಡೆ ಮೇಲಿರೋ ಒಂದು ಸೈರನ್ ತಗ್ಗಿಸಿ ಅಂತ ಐದು ಸಲ ಬರೆದೆ. ಅದನ್ನ ಬಿಟ್ಟು ಮಕ್ಕಳ ಮೆದುಳು ತಗ್ಗಿಸಿದ್ರಲ್ಲ, ನಿಮ್ಮ ಮನೆ ಮಕ್ಕಳಿಗೆ ಕಟ್ತೀರಾ ಇದನ್ನ?”

“ಕೂಗಾಡಬೇಡಿ” ಎಂದರು ದಿವಾಕರ್. “ಮುಂದಿನ ಬುಧವಾರ ನಮ್ಮ ಅಂಗಿ ಕೊಳ್ಳೋ ಬಯರ್ ಕಡೆಯಿಂದ ಆಡಿಟ್ ಇದೆ. ಅದು ಮುಗೀಲಿ, ಹತ್ತಕ್ಕೆ ಇಳಿಸೋಣ. ಅಲ್ಲೀವರೆಗೂ ಯಾರೂ ಏನೂ ಮುಟ್ಟಂಗಿಲ್ಲ. ಕೀಲಿ ಕೊಡಿ ಇಲ್ಲಿ.”

ಪಟ್ಟಿಗಳನ್ನು ವಾರಕ್ಕೊಮ್ಮೆ ಬಿಚ್ಚಿ ಒರೆಸಲೆಂದು ನನಗೆ ಕೊಟ್ಟಿದ್ದ ಕೀಲಿಯನ್ನು ಕಿತ್ತುಕೊಂಡರು. ಸಹಿ ಮಾತ್ರ ನಾನು ಹಾಕಲಿಲ್ಲ. ಆಡಿಟ್ ಮುಗಿಯುವವರೆಗೆ ನನ್ನನ್ನು ತೆಗೆಯುವ ಧೈರ್ಯ ಅವರಿಗೂ ಇರಲಿಲ್ಲ, ನಾನಿಲ್ಲದಿದ್ದರೆ ಅರವತ್ತು ಮಕ್ಕಳಿಗೆ ಗಂಜಿ ಕುಡಿಸುವವರು ಯಾರು?

ಭಾನುವಾರ ಸಂಜೆ ಮಾದೇವಿ ಭುವಿಯನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲಾಚೆ ನಿಂತಳು.

“ನೀನಿದ್ದೂ ಹಿಂಗಾಯ್ತಲ್ಲಕ್ಕ. ಬ್ಯಾರೆ ಯಾರೇ ಇದ್ದಿದ್ರೂ ಇಷ್ಟ್ ಬ್ಯಾಸರ ಆಗ್ತಿರ್ನಿಲ್ಲ.”

ಎಲ್ಲವನ್ನೂ ಹೇಳಿದೆ. ಅಂಕಿ ನನ್ನದೇ ಎಂಬುದನ್ನೂ ಹೇಳಿದೆ. ಅವ್ವ ಹಿಂದಿನಿಂದ “ಸುಮ್ನಿರೇ” ಎಂದು ಸೆರಗು ಎಳೆಯುತ್ತಿದ್ದಳು, ನಾನು ನಿಲ್ಲಿಸಲಿಲ್ಲ. ಮಾದೇವಿ ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಹೊಡೆಯಲಿಲ್ಲ. ಭುವಿಯ ಬ್ಯಾಂಡೇಜು ಕಟ್ಟಿದ ಕೈಯನ್ನು ಹಿಡಿದುಕೊಂಡಳು.

“ಆರು ದಿನ ಆಯ್ತು. ಒಂದ್ ಕಿತ ನೋಯ್ತದೆ ಅನ್ನಿಲ್ಲ ಇವ್ಳು. ಡಾಕ್ಟ್ರು ಡ್ರೆಸಿಂಗ್ ಮಾಡುವಾಗ ನಗ್ತಾಳೆ. ನಂಗೆ ಭಯ ಆಯ್ತದೆ ಕಣಕ್ಕ, ನನ್ ಮಗೀನೇ ನೋಡಿ ಭಯ ಆಯ್ತದೆ.” ಆಮೇಲೆ ಕೇಳಿದಳು, “ಅವತ್ತು ಇವ್ಳು ಅತ್ತಿದ್ರೆ ನಂಗೆ ಕೇಳ್ತಿತ್ತಾ?”

“ಕೇಳ್ತಿತ್ತು. ಮಧ್ಯೆ ಒಂದೇ ಗೋಡೆ. ಮೊದಲೆಲ್ಲ ಕೇಳ್ತಿರಲಿಲ್ವಾ ನಿಂಗೆ?”

ಅವಳು ಮಗುವನ್ನು ಎದೆಗವಚಿಕೊಂಡು ಹೊರಟುಹೋದಳು. ಅವ್ವ ಆ ರಾತ್ರಿ ನನಗೆ ಮುದ್ದೆ ಬಡಿಸಲಿಲ್ಲ, ಖಾಲಿ ತಟ್ಟೆ ಮುಂದೆ ಇಟ್ಟು ಎದ್ದುಹೋದಳು. ಅವಳಿಗೂ ನನ್ನ ಮೇಲೆ ಸಿಟ್ಟಿತ್ತು.

ಬುಧವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಪ್ರಮೋದ ಓಡಿಬಂದ. ನೆಲ ಒರೆಸಿಯಾಗಿತ್ತು, ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದರು, ರಬ್ಬರ್ ಮಾತ್ರ ಹಾಕಿಸಿರಲಿಲ್ಲ.

“ಮೇಡಂ, ಪಟ್ಟಿ ಎಲ್ಲಾ ಕೊಳೆ ಆಗಿದೆಯಂತೆ. ಆಡಿಟರ್ ಹತ್ತೂವರೆಗೆ ಬರ್ತಾರೆ. ಅಷ್ಟ್ರಲ್ಲಿ ಬಿಚ್ಚಿ ಒರೆಸಿ ಫಳಫಳ ಅನ್ನೋ ಹಾಗೆ ಇಡ್ಬೇಕಂತೆ ಸರ್” ಎಂದು ಕೀಲಿಯನ್ನು ನನ್ನ ಕೈಗೆ ಕೊಟ್ಟ.

ದೇವರಾಣೆ, ನಾನು ಮೊದಲೇ ಯೋಚಿಸಿಕೊಂಡಿರಲಿಲ್ಲ. ವರದಿಯವರು ‘ಪೂರ್ವಯೋಜಿತ ಸಂಚು’ ಎಂದು ಬರೆದಿದ್ದಾರೆ, ಅವರ ತಲೆ. ಕೀಲಿ ಕೈಗೆ ಬಂದಾಗಲೇ ಹೊಳೆಯಿತು, ಬಿಚ್ಚಿದ ಪಟ್ಟಿಗಳನ್ನು ಮತ್ತೆ ಹಾಕಬಾರದು ಎಂದು.

“ಪ್ರಮೋದ, ಇವತ್ತೊಂದಿನ ಹನ್ನೊಂದು ಗಂಟೆ ಟೀ ಸೈರನ್ ಬೇಡ ಅಂತ ಹೇಳಪ್ಪ ಅವರಿಗೆ. ಇಷ್ಟೇ ನಾನು ಕೇಳೋದು.”

“ಕೇಳ್ತೀನಿ ಮೇಡಂ” ಎಂದು ಹೋದ.

ಮೊದಲು ನನ್ನ ಪಟ್ಟಿ ಬಿಚ್ಚಿದೆ. ಮಕ್ಕಳಿಗೆ ಎಷ್ಟು ಕೇಳಿಸುತ್ತದೋ ಅಷ್ಟೂ ನನಗೆ ಕೇಳಿಸಬೇಕಿತ್ತು. ಟ್ಯೂಬ್‌ಲೈಟ್ ಆರಿಸಿದೆ, ಚಾಪೆಗಳನ್ನು ಕಸೂತಿ ಯಂತ್ರದ ಗೋಡೆಗೆ ಒರಗಿಸಿದೆ. ಆಮೇಲೆ ಒಂದೊಂದೇ ಮಗುವನ್ನು ಕರೆದು, ಅಂಗೈಯಿಂದ ತಲೆ ಹಿಡಿದು, ಪಟ್ಟಿ ಬಿಚ್ಚಿ, ಒರೆಸಿ ಟ್ರೇಯಲ್ಲಿ ಜೋಡಿಸುತ್ತ ಹೋದೆ. ಐದು ತಿಂಗಳು ಮುಚ್ಚಿದ ಬಾಗಿಲು ಒಮ್ಮೆಲೇ ತೆರೆಯುವುದಿಲ್ಲ, ಪೂರ್ತಿ ತೆರೆಯಲು ಅರ್ಧ ಗಂಟೆಯಾದರೂ ಬೇಕು. ಮೇಲಿನ ಪರದೆಯಲ್ಲಿ ಚುಕ್ಕಿಗಳು ಬೂದುಬಣ್ಣಕ್ಕೆ ತಿರುಗುತ್ತಿದ್ದಿರಬೇಕು. ಒರೆಸುತ್ತಿದ್ದಾಳೆ ಎಂದುಕೊಂಡಿರುತ್ತಾರೆ.

ಕೊನೆಯ ಪಟ್ಟಿ ಭುವಿಯದು. ಅದನ್ನು ಬಿಚ್ಚುವಾಗ ಹತ್ತೂವರೆಯಾಗಿತ್ತು. ದಿವಾಕರ್ ಇಬ್ಬರು ಆಡಿಟರುಗಳನ್ನು ಕರೆತಂದರು. ಒಬ್ಬಾಕೆ ಬೆಂಗಳೂರಿನವರು, ಇನ್ನೊಬ್ಬರು ಹೊರದೇಶದವರು. “ನೋಡಿ ಮೇಡಂ, ಅರವತ್ತು ಮಕ್ಕಳು, ಒಬ್ಬರೂ ಅಳಲ್ಲ” ಎಂದು ದಿವಾಕರ್ ಬೀಗಿದರು. ಮಕ್ಕಳು ಇನ್ನೂ ಮಂಕಾಗಿಯೇ ಇದ್ದವು. ಟ್ರೇಯನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಗಳನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡೆ. ಅವರು ಗೋಡೆಯ ಚಿತ್ರ ನೋಡಿದರು, ಅಡುಗೆಮನೆ ನೋಡಿದರು, ರಿಜಿಸ್ಟರ್ ತೆಗೆಸಿ ನೋಡಿದರು. ಅಷ್ಟರಲ್ಲಿ ಒಂದು ಕೂಸು ಒದ್ದೆ ಚಡ್ಡಿಯನ್ನು ಎಳೆದುಕೊಂಡು ಮುಖ ಸಿಂಡರಿಸಿತು. ಇನ್ನೊಂದು ‘ಹಸಿವು’ ಎಂದಿತು. ಐದು ತಿಂಗಳ ಮೇಲೆ ಆ ಮಾತು ಕೇಳಿ ನನಗೆ ಅಳು ಬಂತು.

ಆಗ ಹನ್ನೊಂದಾಯಿತು. ಹೊಲಿಗೆ ಲೈನಿನವರ ಟೀಗೆ ಇನ್ನೂ ಕಾಲು ಗಂಟೆ ಇತ್ತು, ಕಟಿಂಗ್ ಸೆಕ್ಷನ್ನಿನವರ ಟೀ ಸೈರನ್ ಕೂಗಿತು. ಅವರು ನಿಲ್ಲಿಸಿರಲಿಲ್ಲ. ನಿಲ್ಲಿಸುತ್ತಾರೆ ಎಂದು ನಂಬಿದ್ದು ನನ್ನ ದಡ್ಡತನ.

ಅರವತ್ತೂ ಮಕ್ಕಳು ಒಟ್ಟಿಗೇ ಕಿರುಚಿಕೊಂಡರು. ನನ್ನ ತಲೆ ಬಿರಿದು ಎರಡು ಹೋಳಾಯಿತು ಎನಿಸಿತು. ಮೊಣಕಾಲೂರಿ ಕೂತುಬಿಟ್ಟೆ, ಬೆಳಿಗ್ಗೆ ತಿಂದದ್ದೆಲ್ಲ ವಾಂತಿಯಾಯಿತು. ಆದರೂ ಕೈ ಚಾಚಿ ಸಿಕ್ಕಿದ ಮಕ್ಕಳನ್ನೆಲ್ಲ ತಬ್ಬಿಕೊಂಡು ಅವರ ಕಿವಿ ಮುಚ್ಚಿದೆ. ನನ್ನದನ್ನು ಮುಚ್ಚಲು ಕೈ ಉಳಿಯಲಿಲ್ಲ.

“ಪಟ್ಟಿ ಹಾಕ್ರೀ! ಮೊದಲು ಪಟ್ಟಿ ಹಾಕಿ ಇವಕ್ಕೆ!” ದಿವಾಕರ್ ಬೀರುವಿನ ಬಾಗಿಲನ್ನು ಜಗ್ಗುತ್ತಿದ್ದರು.

ಸೈರನ್ ನಿಂತಿತು. ಮಕ್ಕಳ ಅಳು ನಿಲ್ಲಲಿಲ್ಲ. ಗೋಡೆಯಾಚೆ ಹೊಲಿಗೆ ಯಂತ್ರಗಳ ಸದ್ದು ಮೊದಲು ಒಂದು ಕಡೆ ನಿಂತಿತು, ಅದರ ಪಕ್ಕದಲ್ಲಿ ಇನ್ನೊಂದು, ಆಮೇಲೆ ಇಡೀ ನಾಲ್ಕನೇ ಲೈನು. ಸೂಪರ್‌ವೈಸರ್ ಕೂಗುತ್ತಿದ್ದದ್ದು ಕೇಳಿಸಿತು, “ಎಲ್ಲಿಗ್ರೇ? ಕೂತ್ಕೊಳ್ರೇ!” ಯಾರೂ ಕೂರಲಿಲ್ಲ. ಬಾಗಿಲಿನಿಂದ ಅಮ್ಮಂದಿರು ನುಗ್ಗಿದರು, ಕೊರಳಲ್ಲಿ ಅಳತೆ ಟೇಪು, ತಲೆಗೂದಲ ತುಂಬ ದಾರದ ಚೂರು.

ಮುಂದೆ ಮಾದೇವಿ ಇದ್ದಳು. ಭುವಿ ಗೋಡೆಗೆ ಅಂಟಿಕೊಂಡು ಬ್ಯಾಂಡೇಜಿನ ಕೈಯನ್ನು ಮೇಲೆತ್ತಿ, ಮುಖವೆಲ್ಲ ಕೆಂಪಾಗಿಸಿಕೊಂಡು, ಉಸಿರು ಕಟ್ಟುವಂತೆ ಅಳುತ್ತಿದ್ದಳು.

“ಅವ್ವಾ, ಬೆಳ್ಳು ನೋಯ್ತದೆ! ನೋಯ್ತದವ್ವಾ!”

ಮಾದೇವಿ ಅವಳನ್ನು ಬಾಚಿ ಎತ್ತಿಕೊಂಡು ನೆಲಕ್ಕೆ ಕುಸಿದಳು.

“ನೋಯ್ತದಾ ಮಗಳೇ? ಅಳು ನನ್ ಕಂದ, ಗಟ್ಟಿಯಾಗಿ ಅಳು” ಎಂದು ತಾನೂ ಅಳತೊಡಗಿದಳು.